ಏಳೂ ಅಲ್ಲ, ಹನ್ನೊಂದೂ ಅಲ್ಲ

ಶಹಾಬಾದಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕಂಪ್ಯೂಟರ್ ಬಂದದ್ದು ೧೯೮೬ರಲ್ಲಿ. ಗಣಿತ ಕಲಿಸುತ್ತಿದ್ದ ತಾಜುನ್ನಿಸಾ ಟೀಚರಿಗೆ ಆಗ ಐವತ್ತರ ಹತ್ತಿರ. ಅವರ ತಂದೆ ಕಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುತ್ತ ಮಗಳನ್ನು ಬಿ.ಎಸ್ಸಿ.ವರೆಗೆ ಓದಿಸಿದ್ದರು. ಬೇಸಿಗೆಯಲ್ಲಿ ಗುಲಬರ್ಗಾಕ್ಕೆ ಹೋಗಿ ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ಟೀಚರು, ಚಪ್ಪಲಿ ಹೊರಗೆ ಬಿಟ್ಟು, ದುಪಟ್ಟಾ ಸರಿಮಾಡಿಕೊಂಡು ಯಂತ್ರದ ಮುಂದೆ ಕೂತರು.

ಮೊದಲ ಪ್ರೋಗ್ರಾಮಿಗೆ ಅವರು ಆರಿಸಿದ್ದು ತಮಗೆ ಬಲು ಪ್ರೀತಿಯ ಅವಿಭಾಜ್ಯ ಸಂಖ್ಯೆಗಳನ್ನು. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಬಗ್ಗದ ಸಂಖ್ಯೆಗಳು. ಸಂಖ್ಯೆ ಕೊಟ್ಟರೆ ಯಂತ್ರ ಹೌದು, ಅಲ್ಲ ಎಂದು ಹೇಳಬೇಕು. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದರು. ಏಳು ಕೊಟ್ಟರು. ‘ಅಲ್ಲ’ ಎಂದಿತು. ಹನ್ನೊಂದಕ್ಕೂ ‘ಅಲ್ಲ’. ಅವಿಭಾಜ್ಯವೇ ಅಲ್ಲದ ಒಂದಕ್ಕೆ ಮಾತ್ರ ‘ಹೌದು’!

ಟೀಚರ ಮುಖ ಸಣ್ಣದಾಯಿತು. ವಿಜ್ಞಾನದ ಅಂಬರಾಯ ಮಾಸ್ತರನ್ನು ಕರೆದರು. ಅವರು ಟೀಚರಿಗಿಂತ ಕಿರಿಯರು, ಟೀಚರನ್ನು ಆಪಾ ಎಂದು ಕರೆದು ಅಕ್ಕನಂತೆ ಕಾಣುತ್ತಿದ್ದರು.

“ಮಷೀನ್ ಖರಾಬ್ ಆಗ್ಯಾದೇನ್ರಿ ಆಪಾ?”

“ಗೊತ್ತಿಲ್ರಿ ಸರ್. ನೀವು ಒಂದೊಂದೇ ಸಾಲು ಓದ್ರಿ. ನಾ ಮಷೀನ್ ಆಗ್ತೀನಿ.”

ಟೀಚರು ಬೋರ್ಡಿನ ಮೇಲೆ ಏಳು ಬರೆದು ನಿಂತರು. ಮಾಸ್ತರು ಪರದೆ ನೋಡುತ್ತ ಕೇಳಿದರು:

“ಎರಡರಿಂದ ಭಾಗ ಹೋಗ್ತದೇನ್ರಿ?”

“ಇಲ್ಲ.”

“ಮೂರರಿಂದ?”

“ಇಲ್ಲ.”

ಹೀಗೇ ಆರು ದಾಟಿತು.

“ಏಳರಿಂದ?”

“ಹೋಗ್ತದ…” ಎನ್ನುತ್ತಲೇ ಟೀಚರು ಹಣೆ ಬಡಿದುಕೊಂಡು ನಕ್ಕರು. “ಅರೆ! ಏಳನ್ನ ಏಳರಿಂದೂ ಭಾಗಿಸು ಅಂತ ನಾನೇ ಹೇಳೀನಲ್ರಿ! ಪಾಪ, ಅದು ಹೇಳಿದಂಗ ಮಾಡ್ಯಾದ.”

ಭಾಗಿಸುವುದು ಒಂದು ಸಂಖ್ಯೆ ಹಿಂದೆಯೇ ನಿಲ್ಲುವಂತೆ ತಿದ್ದಿದರು. ಏಳು ಗೆದ್ದಿತು, ಹನ್ನೊಂದೂ ಗೆದ್ದಿತು. ಒಂದು ಮತ್ತು ಎರಡು ಮಾತ್ರ ಹಟ ಹಿಡಿದವು: ಒಂದಕ್ಕೆ ಇನ್ನೂ ‘ಹೌದು’, ಎರಡಕ್ಕೆ ‘ಅಲ್ಲ’. ಅವೆರಡಕ್ಕೂ ಬೇರೆ ಸಾಲು ಬರೆದುಕೊಟ್ಟರು. ಅಂಬರಾಯ ಮಾಸ್ತರು ಚಹಾ ತರಿಸಿದರು; ಟೀಚರು ಯಂತ್ರದಿಂದ ದೂರ ಸರಿದು ಕುಡಿದರು.

ಮರುದಿನ ಹತ್ತನೆಯ ತರಗತಿಯ ಹುಡುಗಿಯರು ಕಿಕ್ಕಿರಿದು ನಿಂತರು. ಐವತ್ತೊಂದು ಅವಿಭಾಜ್ಯವೆಂದು ಪಣ ಕಟ್ಟಿದ ಆಶಾಬಿ ಸೋತಳು. ಯಂಕಮ್ಮ ತನಗೆ ಗೊತ್ತಿದ್ದ ಅತಿ ದೊಡ್ಡ ಸಂಖ್ಯೆ ಒತ್ತಿದಳು. ಪರದೆ ಸುಮ್ಮನಾಯಿತು. ಹುಡುಗಿಯರು ಗುಜುಗುಜು ಶುರುಮಾಡಿದರು.

ತಾಜುನ್ನಿಸಾ ಟೀಚರು ತುಟಿಯ ಮೇಲೆ ಬೆರಳಿಟ್ಟರು.

“ಶ್! ಅದು ಲೆಕ್ಕಾ ಮಾಡ್ಲಿಕತ್ತದ. ಗದ್ಲಾ ಮಾಡಬ್ಯಾಡ್ರಿ.”