ನದಿಯ ನಡುವೆ ಏಳು ಸೆಂಟಿಮೀಟರ್

ಇಖ್ಲಾಸ್ ಬಖೀತ್ ಕೆಲಸಕ್ಕೆ ಸೇರಿದ ಮೊದಲ ದಿನ ಅವಳಿಗೆ ಸಿಕ್ಕಿದ್ದು ಒಂದು ಕುರ್ಚಿ, ಒಂದು ಮೇಜು ಮತ್ತು ಹದಿನಾಲ್ಕು ಕಟ್ಟು ಹಳೆಯ ನಕ್ಷೆಗಳು. ಧೂಳು ಒರೆಸಿ, ವರ್ಷದ ಪ್ರಕಾರ ಜೋಡಿಸಿಡಬೇಕು, ಅಷ್ಟೇ. ಆಗ ಅವಳಿಗೆ ಇಪ್ಪತ್ಮೂರು ವರ್ಷ. ದಕ್ಷಿಣ ಈಜಿಪ್ಟಿನ ಅಖ್ಮೀಮ್ ಊರಿನ ನೇಕಾರ ಬಖೀತನ ಹಿರಿಮಗಳು. ಅಸ್ಯೂತಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುವಾಗ ತರಗತಿಯಲ್ಲಿದ್ದ ನಾಲ್ಕೇ ಹುಡುಗಿಯರಲ್ಲಿ ಅವಳೂ ಒಬ್ಬಳು. ಉಳಿದ ಮೂವರು ಪಾಸಾದ ಮೇಲೆ ಕಚೇರಿ ಕೆಲಸ ಹಿಡಿದರು. ಇಖ್ಲಾಸಳಿಗೆ ಕಚೇರಿ ಬೇಡವಾಗಿತ್ತು. ಕಿಟಕಿಯಾಚೆ ಕಬ್ಬಿನ ಗದ್ದೆಗಳ ನಡುವಿನ ಕಾಲುವೆಗೆ ಸೇತುವೆ ಏಳುತ್ತಿತ್ತು. ಸುತ್ತಿಗೆಯ ಸದ್ದು ಕಿವಿಗೆ ಬಿದ್ದಾಗಲೆಲ್ಲ ಅವಳ ಕಾಲು ಮೇಜಿನ ಕೆಳಗೆ ತಾನಾಗಿ ಅಲ್ಲಾಡುತ್ತಿತ್ತು.

ಮೂರನೆಯ ದಿನ ನಕ್ಷೆಗಳನ್ನು ಹಾಗೇ ಬಿಟ್ಟು ಹೊರಗೆ ನಡೆದಳು. ಕಂಬದ ಮೇಲೆ ಕಂಬಿ ಕಟ್ಟುತ್ತಿದ್ದರು. ಏಣಿಗೆ ಕೈ ಹಾಕಿ ಏರತೊಡಗಿದಳು.

"ಏ ತಂಗಿ! ಎಲ್ಲಿಗೆ ಹೊಂಟಿ?" ಕೆಳಗಿನಿಂದ ಮೇಸ್ತ್ರಿ ರಾದಿ ಕೂಗಿದ. ದಪ್ಪ ಮೀಸೆಯ, ಉದ್ದನೆಯ ನಿಲುವಂಗಿಯನ್ನು ಸೊಂಟಕ್ಕೆ ಎತ್ತಿ ಕಟ್ಟಿದ, ಐವತ್ತರ ಆಸುಪಾಸಿನ ಆಳು. "ಇಳಿ ಕೆಳಗ! ಬಿದ್ದಿ ಅಂದ್ರ ನಿಮ್ಮಪ್ಪಗ ನಾ ಏನ್ ಹೇಳ್ಲಿ?"

"ಏಣಿ ಸರಿ ಕಟ್ಟಿರಲಿಲ್ಲ ಅಂತ ಹೇಳ್ರಿ ಕಾಕಾ."

ಮೇಲಿದ್ದವರು ಕಂಬಿ ಬಿಟ್ಟು ನಕ್ಕರು. ರಾದಿ ನಗಲಿಲ್ಲ. ಏಣಿಯ ಬಳಿ ಬಂದು ಒಮ್ಮೆ ಅಲ್ಲಾಡಿಸಿ ನೋಡಿದ. ನಿಜಕ್ಕೂ ಸಡಿಲವಾಗಿತ್ತು. ಇನ್ನೊಂದು ಹಗ್ಗ ತಂದು ಬಿಗಿದ. ಅಂದಿನಿಂದ ಅವಳನ್ನು ಇಳಿ ಎಂದವರಿಲ್ಲ.

ರಾದಿಗೆ ಓದು ಬರುತ್ತಿರಲಿಲ್ಲ. ಆದರೆ ಅಚ್ಚಿನ ಹಲಗೆಯನ್ನು ಬೆರಳ ಗಂಟಿನಿಂದ ತಟ್ಟಿ, ಒಳಗೆ ಕಾಂಕ್ರೀಟು ತುಂಬಿದೆಯೋ ಪೊಳ್ಳು ಉಳಿದಿದೆಯೋ ಹೇಳಬಲ್ಲವನಾಗಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಇಖ್ಲಾಸ್ ಅವನಿಗೆ ನಕ್ಷೆ ಓದಿ ಹೇಳುತ್ತಿದ್ದಳು, ಅವನು ಅವಳಿಗೆ ತಟ್ಟುವುದನ್ನು ಕಲಿಸುತ್ತಿದ್ದ. "ಕೇಳ್, ಇದು ಗಟ್ಟಿ. ಇದು? ಇದು ಸುಳ್ಳು ಹೇಳಾಕತ್ತೈತಿ," ಎನ್ನುತ್ತಿದ್ದ. ಆರು ತಿಂಗಳಲ್ಲಿ ಅವಳೂ ಕಣ್ಣು ಮುಚ್ಚಿ ಹೇಳುವಷ್ಟಾದಳು.

ಆ ಸೇತುವೆಯ ಮುಖ್ಯಸ್ಥರು ಮಕ್ರಮ್ ಬೇ; ದೊಡ್ಡವರನ್ನು ಅಲ್ಲಿ ‘ಬೇ’, ಅಂದರೆ ಸಾಹೇಬರು, ಎಂದೇ ಕರೆಯುವುದು. ಮೆತ್ತಗಿನ ಮಾತಿನ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಕಿನಾ ಊರಿನ ಮನುಷ್ಯ. ಇಖ್ಲಾಸ್ ಒಂದು ದಿನ ಅಳತೆಯ ಗೆರೆ ತಪ್ಪಾಗಿ ಹಾಕಿಸಿಬಿಟ್ಟಳು. ಕಂಬದ ಬುಡದ ಕಂಬಿಗಳೆಲ್ಲ ಒಂದು ಗೇಣು ಆಚೆ ನಿಂತಿದ್ದವು. ನಾಲ್ಕು ಗಂಟೆಗೆ ಕಾಂಕ್ರೀಟು ಬರುವುದಿತ್ತು. ಅವಳು ಮಕ್ರಮ್ ಬೇ ಎದುರು ಹೋಗಿ ನಿಂತಾಗ ಅವರು ಬಿಸಿಲಲ್ಲಿ ಉಬ್ಬಿಸಿ ಸುಟ್ಟ ರೊಟ್ಟಿಗೆ ಬೇಳೆ ಹಚ್ಚಿಕೊಂಡು ತಿನ್ನುತ್ತಿದ್ದರು.

"ಸರ್, ನಾ ತಪ್ಪು ಮಾಡೀನಿ."

ಅವರು ಪೂರ್ತಿ ಕೇಳಿಸಿಕೊಂಡರು. "ನಿನಗ ಎಷ್ಟು ಗಂಟೆಗೆ ಗೊತ್ತಾತು?"

"ಹನ್ನೆರಡಕ್ಕ."

"ಈಗ ಒಂದೂವರಿ. ನಡುವ ಏನ್ ಮಾಡಿದಿ?"

"ಅಳಕೋತ ಕುಂತಿದ್ದೆ, ಸರ್."

ಮಕ್ರಮ್ ಬೇ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟರು. "ಇನ್ನ ಮುಂದ ಮೊದಲು ನನಗ ಹೇಳು. ಆಮ್ಯಾಲೆ ಎಷ್ಟ ಬೇಕಾದ್ರೂ ಅಳು. ನಡಿ, ಕಂಬಿ ಬಿಚ್ಚಸೋಣ."

ಬೈಯುತ್ತಾರೆ ಎಂದು ಕಾದಿದ್ದವಳು ರೊಟ್ಟಿ ಹಿಡಿದುಕೊಂಡೇ ಅವರ ಹಿಂದೆ ಓಡಿದಳು. ಮನೆಗೆ ಬಂದು ತಾಯಿಗೆ ಹೇಳಿದಳು: "ಅವ್ವ, ನಾ ಒಂದಿನ ಅವರ ಹಂಗ ಆಗ್ತೀನಿ." ತಾಯಿ ಬಟ್ಟೆ ಒಣಹಾಕುತ್ತ, "ಹೊಟ್ಟಿ ಸಮೇತ ಏನು?" ಎಂದಳು.

ವರ್ಷಗಳು ಉರುಳಿದವು. ಕಾಲುವೆಯ ತೂಬುಗಳು, ರೈಲು ಹಳಿಯ ಮೇಲಿನ ದಾಟುಸೇತುವೆ, ಕೆಂಪು ಸಮುದ್ರದ ದಾರಿಯ ಒಂದು ತಿರುವು, ಹೀಗೆ ಒಂದರ ಹಿಂದೆ ಒಂದು ಕೆಲಸ. ಭೂಗೋಳ ಮೇಷ್ಟ್ರು ಫತ್ಹಿಯನ್ನು ಮದುವೆಯಾದಳು. "ನೀ ಊರಾಚೆ ಇದ್ದಾಗ ಅಡಿಗಿ ಯಾರು ಮಾಡ್ತಾರ?" ಎಂದು ಅವನ ಅಕ್ಕ ಕೇಳಿದ್ದಕ್ಕೆ ಫತ್ಹಿಯೇ, "ನನಗ ಕೈ ಇಲ್ಲೇನು?" ಎಂದಿದ್ದ. ಮೊದಲ ವರ್ಷ ಅವನ ಕೈಯಡುಗೆ ತಿಂದು ಇಬ್ಬರೂ ತೆಳ್ಳಗಾದರು. ಎರಡು ಮಕ್ಕಳಾದವು. ಇಖ್ಲಾಸ್ ಸಹಾಯಕಿಯಿಂದ ಒಂದು ವಿಭಾಗದ ಮುಖ್ಯಸ್ಥೆಯಾದಳು, ಅಲ್ಲಿಂದ ಇಡೀ ಕೆಲಸದ ಉಪಮುಖ್ಯಸ್ಥೆ. ಹೋದಲ್ಲೆಲ್ಲ ಮೊದಲ ವಾರ ಅವಳು ಮಾಡುತ್ತಿದ್ದುದು ಒಂದೇ: ಕೆಲಸದವರ ಹೆಸರು ಕಲಿಯುವುದು. ಇನ್ನೂರು ಜನರಿದ್ದರೆ ಇನ್ನೂರು ಹೆಸರು.

ನಲವತ್ತಾರನೆಯ ವಯಸ್ಸಿನಲ್ಲಿ ಅವಳ ಕೈಗೆ ದೊಡ್ಡದು ಬಂತು. ಸೊಹಾಗ್ ಪಟ್ಟಣದ ದಕ್ಷಿಣಕ್ಕೆ ನೈಲ್ ನದಿಯ ಮೇಲೆ ಹೊಸ ಸೇತುವೆ, ಅವಳೇ ಮುಖ್ಯಸ್ಥೆ. ಪೂರ್ವದ ದಡದಿಂದ ಒಂದು ತೋಳು, ಪಶ್ಚಿಮದ ದಡದಿಂದ ಒಂದು ತೋಳು, ಎರಡೂ ಗಾಳಿಯಲ್ಲಿ ಚಾಚುತ್ತ ಚಾಚುತ್ತ ನದಿಯ ನಟ್ಟನಡುವೆ ಬಂದು ಕೂಡಬೇಕು. ಪಶ್ಚಿಮದ ತಂಡಕ್ಕೆ ವಗ್ದಿ ಎಂಬ ಇಂಜಿನಿಯರ್. ಅವಳಿಗಿಂತ ಮೂರು ವರ್ಷ ಹಿರಿಯ. ಮುಖ್ಯಸ್ಥನ ಕುರ್ಚಿ ತನಗೇ ಸಿಗುತ್ತದೆಂದು ನಂಬಿ ಹೊಸ ಸೂಟು ಹೊಲಿಸಿದ್ದವನು.

ದಿನಾ ಬೆಳಿಗ್ಗೆ ಏಳಕ್ಕೆ ಇಖ್ಲಾಸ್ ಎಲ್ಲರನ್ನೂ ಸೇರಿಸುತ್ತಿದ್ದಳು. "ಛಲೋ ಸುದ್ದಿ ಸಂಜಿಗೆ ಹೇಳ್ರಿ. ಈಗ ನನಗ ಕೆಟ್ಟದ್ದು ಬೇಕು. ಯಾರು ಮೊದಲು ಹೇಳ್ತಾರ, ಅವರಿಗೆ ನನ್ನ ಕೈಯಿಂದ ಚಹಾ." ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಆಮೇಲೆ ಪಂಪು ಕೆಟ್ಟದ್ದು, ಸಿಮೆಂಟು ತೇವವಾದದ್ದು, ಎಲ್ಲವೂ ಹೊರಬರತೊಡಗಿದವು. ವಗ್ದಿ ಮಾತ್ರ ಎರಡು ವರ್ಷವೂ ಒಂದೇ ಮಾತು: "ನನ್ನ ದಂಡಿ ಮ್ಯಾಲ ಎಲ್ಲಾ ಸರಿ ಐತ್ರಿ."

"ನಿಮಗ ನನ್ನ ಚಹಾ ರುಚಿಸೂದಿಲ್ಲೇನು ವಗ್ದಿ ಸಾಹೇಬ್ರ?" ಎಂದು ಅವಳು ಕಿಚಾಯಿಸಿದರೂ ಅವನು ನಗುತ್ತಿರಲಿಲ್ಲ.

ತೋಳುಗಳು ಬೆಳೆದವು. ಎರಡು ತುದಿಗಳ ನಡುವೆ ಕೊನೆಗೆ ಎರಡೇ ಮೀಟರು ಉಳಿಯಿತು. ಆಚೆಯವರು ಈಚೆಯವರಿಗೆ ಕಿತ್ತಳೆ ಎಸೆದು ಹಿಡಿಯುವ ಆಟ ಶುರುಮಾಡಿದರು. ದಡದ ಹಳ್ಳಿಯ ಹೆಂಗಸರು ಚಾವಣಿ ಹತ್ತಿ ನೋಡುತ್ತಿದ್ದರು. ಕೆಲಸ ಬಿಟ್ಟು ಆರು ವರ್ಷವಾಗಿದ್ದ ರಾದಿ ಕೋಲೂರಿಕೊಂಡು ದಿನಾ ಬಂದು ಕೂರುತ್ತಿದ್ದ. ಇಖ್ಲಾಸಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಗುರುವಾರ ಮಂತ್ರಿಗಳು ಬಂದು ಈ ದಡದಿಂದ ಆ ದಡಕ್ಕೆ ನಡೆಯುವುದೆಂದು ಕೈರೋದಿಂದ ಆಜ್ಞೆಯೂ ಬಂತು.

ಸೋಮವಾರ ಬೆಳಗಿನ ಆರಕ್ಕೆ, ಸಭೆಗೆ ಇನ್ನೂ ಒಂದು ತಾಸಿರುವಾಗ, ವಗ್ದಿ ಅವಳ ಕೋಣೆಯ ಬಾಗಿಲಲ್ಲಿ ನಿಂತ. ಗಡ್ಡ ಬೋಳಿಸಿರಲಿಲ್ಲ.

"ಮೇಡಂ, ನನ್ನ ತೋಳು ಕೆಳಗ ಇಳದೈತಿ. ಏಳು ಸೆಂಟಿಮೀಟರ್."

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಎಂದಿನಿಂದ ಗೊತ್ತು?"

"ಹನ್ನೊಂದು ದಿನ ಆತು. ಮೊದಲು ಎರಡಿತ್ತು. ಬಿಸಿಲಿಗೆ ಬಾಗೇತಿ, ಸರಿ ಆಗ್ತೈತಿ ಅಂದ್ಕೊಂಡೆ. ಆಗ್ಲಿಲ್ಲ." ಅವನ ಸ್ವರ ಸಣ್ಣಗಾಯಿತು. "ಹೇಳಾಕ ನನಗ ನಾಚಿಕಿ ಆತು."

ಹನ್ನೊಂದು ದಿನ! ಅವಳ ಮುಖಕ್ಕೆ ರಕ್ತ ನುಗ್ಗಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಎನಿಸಿತು. ಆದರೆ ಕೆಟ್ಟ ಸುದ್ದಿ ತಂದವರಿಗೆ ಚಹಾ ಎಂದವಳು ತಾನೇ. ಎದ್ದು ಹೋಗಿ ಚಹಾ ಸುರಿದು, ಸಕ್ಕರೆ ಕಲಸಿ, ಅವನ ಮುಂದಿಟ್ಟಳು.

"ಕುಡೀರಿ. ಬೈಯೂದು ಆಮ್ಯಾಲೆ ಬೈತೀನಿ. ನಮ್ಮ ಕಡೆ ಮೂರು ದಿನ ಅದಾವ."

ಕೈರೋದ ನಿರ್ದೇಶಕ ತಲಾತ್ ಬೇ ಅವರಿಗೆ ಮೊದಲು ಫೋನ್ ಮಾಡಿದಳು. ಅವರು ನಕ್ಕರು. "ಏಳು ಸೆಂಟಿಮೀಟರ್ ತಾನೇ? ಜೋಡಿಸಿಬಿಡಿ. ಮೇಲೆ ಡಾಂಬರು ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಸೇತುವಿಗೆ ಗೊತ್ತಾಗ್ತೈತ್ರಿ."

"ನೋಡೀ ಮೇಡಂ, ಗುರುವಾರ ಮಂತ್ರಿಗಳು ಬರ್ತಾರೆ."

"ಬರ್ಲಿ ಸರ್. ಸರಿಯಾಗಿ ಕೂಡಿದ್ದು ತೋರಸ್ತೀನಿ. ಇಲ್ಲಾ, ಕೂಡದ ಇದ್ದದ್ದು ತೋರಸ್ತೀನಿ. ಸುಳ್ಳು ಕೂಡಿಸಿದ್ದು ಮಾತ್ರ ತೋರಸೂದಿಲ್ಲ." ಫೋನ್ ಇಟ್ಟ ಮೇಲೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಿಂದಲ್ಲ. ಮಾಡಿಯೇ ತೀರುತ್ತೇನೆ ಎಂಬ ಉಮೇದಿನಿಂದ.

ವಗ್ದಿಯ ಜೊತೆ ಪಶ್ಚಿಮದ ತೋಳಿನ ತುದಿಗೆ ನಡೆದಳು. ಅಲ್ಲಿ ಕಂಬಿಯ ಹೊರೆಗಳು, ಜನರೇಟರು, ಬಿಚ್ಚಿದ ಅಚ್ಚುಗಳು ಒಂದರ ಮೇಲೊಂದು ಬಿದ್ದಿದ್ದವು. "ಇದು ತೋಳೋ, ಗುಜರಿ ಅಂಗಡಿಯೋ?" ಎಂದಳು. ಅಂದೇ ಎಲ್ಲವನ್ನೂ ತೆಗೆಸಿದರು. ಮರುದಿನ ಬಿಸಿಲೇರುವ ಮೊದಲು ಅಳೆದಾಗ ತೋಳು ಮೂರು ಸೆಂಟಿಮೀಟರ್ ಎದ್ದಿತ್ತು. ಇನ್ನೂ ನಾಲ್ಕು ಉಳಿದಿತ್ತು.

ಎಲ್ಲರೂ ತಲೆಗೆ ಕೈ ಹಚ್ಚಿ ಕೂತಿದ್ದಾಗ ರಾದಿ ಕೋಲಿನಿಂದ ನೆಲ ಕುಟ್ಟಿದ. "ಕತ್ತೆ ಮ್ಯಾಲಿನ ಹೇರು ಒಂದ ಕಡೆ ಜೋತು ಬಿದ್ರ ಏನ್ ಮಾಡ್ತೀರಿ?"

"ಇನ್ನೊಂದ ಕಡೆ ಹೇರ್ತೇವಿ," ಯಾರೋ ಅಂದರು.

"ಮತ್ತ? ಪೂರ್ವದ ತೋಳಿಗೆ ಹೇರ್ರಿ, ಅದೂ ಅಷ್ಟ ಇಳೀತೈತಿ. ಇಷ್ಟು ಓದಿದವರಿಗೆ ಇದನ್ನೂ ನಾನ ಹೇಳಬೇಕೇನು?"

"ಹೇರಾಕ ಬರ್ತೈತಿ ಕಾಕಾ," ಎಂದ ವಗ್ದಿ. "ಆದ್ರ ಕಲ್ಲು ಹೇರಿದ್ರ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಮಾಡೂದು ಹ್ಯಾಂಗ?"

ಇಖ್ಲಾಸ್ ಥಟ್ಟನೆ ಎದ್ದು ನಿಂತಳು. ಕೆಳಗೆ ನದಿ ಹರಿಯುತ್ತಿತ್ತು. "ನೀರು! ಟಾಂಕಿ ಇಟ್ಟು ನೀರು ತುಂಬೋಣ! ಬೇಕಾದಷ್ಟು ತುಂಬೂದು, ಬ್ಯಾಡಾದ್ರ ನಳ ತಿರುವೂದು!"

ಅವಳೂ ವಗ್ದಿಯೂ ಒಂದೇ ಮೇಜಿಗೆ ಕೂತು ಲೆಕ್ಕ ಹಾಕಿದರು, ಎರಡು ವರ್ಷದಲ್ಲಿ ಮೊದಲ ಸಲ. ಮೂವತ್ತಾರು ಟನ್ ನೀರು ಬೇಕು. ಸೇತುವೆಯ ವಿನ್ಯಾಸ ಮಾಡಿದವರಿಗೆ ಆ ಲೆಕ್ಕವನ್ನು ಫ್ಯಾಕ್ಸ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: ತೋಳು ತಡೆಯುತ್ತದೆ, ಮಾಡಿ. ಆದರೆ ಅವರಲ್ಲಿದ್ದುದು ಎರಡೇ ಟಾಂಕಿ. ಫತ್ಹಿಗೆ ಫೋನ್ ಹೋಯಿತು. ಅವನ ಹಳೆಯ ವಿದ್ಯಾರ್ಥಿಗಳಿಲ್ಲದ ಹಳ್ಳಿ ಆ ಸುತ್ತಿನಲ್ಲಿರಲಿಲ್ಲ. ಸಂಜೆಯೊಳಗೆ ಕಬ್ಬಿನ ಗದ್ದೆಗಳಿಂದ ನಾಲ್ಕು ಟ್ರ್ಯಾಕ್ಟರುಗಳು ಕಬ್ಬಿಣದ ಟಾಂಕಿ ಎಳೆದುಕೊಂಡು, ಹಾರ್ನ್ ಹೊಡೆಯುತ್ತ ಸೇತುವೆಗೆ ಬಂದವು. ಮುಂದಿನ ಟ್ರ್ಯಾಕ್ಟರಿನಲ್ಲಿ ಫತ್ಹಿಯೇ ನಿಂತಿದ್ದ, ಚಾಕ್ ಹತ್ತಿದ ಕೋಟಿನಲ್ಲಿ.

ಬುಧವಾರ ಬೆಳಕು ಹರಿಯುತ್ತಲೇ ಪಂಪು ಶುರುವಾಯಿತು. ಇಖ್ಲಾಸ್ ಎತ್ತರ ಅಳೆಯುವ ಲೆವೆಲ್ ಯಂತ್ರಕ್ಕೆ ಕಣ್ಣು ಹಚ್ಚಿದಳು. ಎರಡು ತುದಿಗಳಲ್ಲೂ ಅಳತೆಯ ಪಟ್ಟಿ ಹಿಡಿದವರು ನಿಂತರು. ಇನ್ನೂರು ಜನ ಉಸಿರು ಬಿಗಿಹಿಡಿದಿದ್ದರು.

"ನಾಕು!" ಅವಳು ಕೂಗಿದಳು. "ಮೂರೂವರಿ! ಬಿಡ್ರಿ, ಇನ್ನ ಬಿಡ್ರಿ!"

"ಮೂರು!" ಈಗ ಎಲ್ಲರೂ ಅವಳೊಂದಿಗೆ ಕೂಗತೊಡಗಿದರು. "ಎರಡು! ಒಂದೂವರಿ!"

"ಸಾವಕಾಶ! ನಳ ಸಣ್ಣ ಮಾಡ್ರಿ! ಐದು ಮಿಲಿ... ಮೂರು... ಒಂದು... ನಿಲ್ಲಸ್ರಿ!"

ಪಂಪು ನಿಂತಿತು. ಅವಳು ಮತ್ತೆ ನೋಡಿದಳು. ತಲೆ ಎತ್ತಿದಾಗ ಕಣ್ಣು ತುಂಬಿತ್ತು. "ಒಂದು ಮಿಲಿ ಹೆಚ್ಚಾಗೇತಿ."

"ಯಾರೋ ಮುಂಜಾನೆ ಹೆಚ್ಚಿಗಿ ತಿಂದಾರ, ಅವರನ್ನ ಕೆಳಗ ಇಳಸ್ರಿ!" ಎಂದ ರಾದಿ. ಇಡೀ ಸೇತುವೆ ನಕ್ಕಿತು. ವಗ್ದಿ ಆಚೆಯ ತೋಳಿನಿಂದ ಕಿರಿದಾದ ಹಲಗೆ ದಾಟಿ ಬಂದು, ತಾನೇ ನಳ ತಿರುವಿ ಒಂದಿಷ್ಟು ನೀರು ಬಿಟ್ಟ. "ಈಗ?"

"ಈಗ ಸರಿ. ಈಗ ಎರಡೂ ಒಂದ!"

ಆಮೇಲಿನ ಗದ್ದಲದಲ್ಲಿ ಯಾರು ಯಾರನ್ನು ತಬ್ಬಿದರೋ ತಿಳಿಯದು. ದಡದ ಚಾವಣಿಗಳಿಂದ ಹೆಂಗಸರು ನಾಲಿಗೆ ಹೊರಳಿಸಿ ಕೂಗುವ ಹರ್ಷದ ಉಲುಲು ಕೇಳಿಬಂತು. ದೋಣಿಯವರು ಕೆಳಗಿನಿಂದ ಡಬ್ಬಿ ಬಡಿದರು. ಎರಡು ತುದಿಗಳನ್ನೂ ಉಕ್ಕಿನ ತೊಲೆಗಳಿಂದ ಬಿಗಿದರು. ಗುರುವಾರ ನಸುಕಿನಲ್ಲಿ ಕಾಂಕ್ರೀಟು ಸುರಿಯುತ್ತ ಹೋದ ಹಾಗೆ, ಅದರ ಭಾರಕ್ಕೆ ಸಮನಾಗಿ ಟಾಂಕಿಗಳ ನೀರನ್ನು ನದಿಗೇ ಬಿಟ್ಟರು. ಇಖ್ಲಾಸ್ ಅಚ್ಚಿನ ಹಲಗೆಯನ್ನು ಬೆರಳ ಗಂಟಿನಿಂದ ತಟ್ಟುತ್ತ ಈ ತುದಿಯಿಂದ ಆ ತುದಿಗೆ ಹೋದಳು. ಎಲ್ಲೂ ಪೊಳ್ಳಿರಲಿಲ್ಲ.

ಹತ್ತಕ್ಕೆ ಮಂತ್ರಿಗಳು ಬಂದರು. ಜೊತೆಗೆ ಮುಖ ಬಿಗಿದುಕೊಂಡ ತಲಾತ್ ಬೇ. ನಡುವೆ ಇನ್ನೂ ಹಸಿ ಕಾಂಕ್ರೀಟು.

"ದಾಟೋಕೆ ಆಗಲ್ವಾ?" ಮಂತ್ರಿಗಳು ಕೇಳಿದರು.

"ಇವತ್ತಿಲ್ರಿ. ಒಂದು ವಾರ ತಡೀರಿ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ದಾಟ್ತಾರ," ಎಂದಳು ಇಖ್ಲಾಸ್. ಮಂತ್ರಿಗಳು ಜೋರಾಗಿ ನಕ್ಕು, ನಡುವಿನವರೆಗೆ ನಡೆದು ವಾಪಸಾದರು. ತಲಾತ್ ಬೇ ಮುಖವೂ ಸಡಿಲವಾಯಿತು.

ಆದರೂ ಕೈರೋ ಕಚೇರಿ ವರದಿ ಕೇಳಿತು: ಏಳು ಸೆಂಟಿಮೀಟರಿಗೆ ಹೊಣೆ ಯಾರು? ವಗ್ದಿ ತನ್ನ ಹೆಸರು ಬರೆದು ತಂದ. ಅವಳು ಅದನ್ನು ಓದಿ, ಮೇಲೆ ತನ್ನ ಹೆಸರು ಸೇರಿಸಿದಳು. "ಹನ್ನೊಂದು ದಿನ ನನಗ ಹೇಳಾಕ ಒಬ್ಬರು ಹೆದರಿದ್ರು ಅಂದ್ರ, ಅದರಾಗ ನಂದೂ ಪಾಲೈತಿ." ಆಮೇಲೆ ಬಾಗಿಲು ಹಾಕಿ, ಬೈಯುತ್ತೇನೆ ಎಂದಿದ್ದ ಮಾತನ್ನೂ ನಡೆಸಿದಳು. ಕಾಲು ತಾಸು, ಉಸಿರು ತೆಗೆಯದೆ. ಹೊರಗೆ ಬಂದ ವಗ್ದಿಯ ಕಿವಿ ಕೆಂಪಾಗಿತ್ತು, ಮುಖದ ಮೇಲೆ ಮಾತ್ರ ಹಗುರಾದ ನಗೆ.

ಈಗ ದಕ್ಷಿಣದ ನಾಲ್ಕು ಜಿಲ್ಲೆಗಳ ಸೇತುವೆಗಳೆಲ್ಲ ಇಖ್ಲಾಸಳ ಕೆಳಗೆ ಬರುತ್ತವೆ. ನೇಮಕದ ಪತ್ರ ಬಂದ ದಿನ ಅವಳು ಮೊದಲು ಮಾಡಿದ್ದು, ಕಿನಾದ ಬಳಿಯ ಹೊಸ ಸೇತುವೆಗೆ ವಗ್ದಿಯನ್ನು ಮುಖ್ಯಸ್ಥನನ್ನಾಗಿ ಶಿಫಾರಸು ಮಾಡಿದ್ದು. ಎರಡನೆಯದಾಗಿ ನಾಲ್ಕೂ ಜಿಲ್ಲೆಗಳ ನಕ್ಷೆ ತರಿಸಿ, "ಇವುಗಳಾಗ ಸೇತುವಿ ನಿಲ್ಲಸಾಕ ಎಲ್ಲಾಕ್ಕಿಂತ ಕೆಟ್ಟ ಮಣ್ಣು ಯಾವ ಜಾಗದಾಗ ಐತಿ?" ಎಂದು ಕಚೇರಿಯವರನ್ನು ಕೇಳಿದಳು. ಅವರು ತೋರಿಸಿದ ಕಡೆ ಬೆರಳಿಟ್ಟು, ಅಲ್ಲಿಗೇ ಹೋಗಲು ಚಾಲಕನಿಗೆ ಗಾಡಿ ತೆಗೆಯಲು ಹೇಳಿದಳು.