ಹೊರಡುವ ಮುಂಚೆ ಒಂದು ಸುತ್ತು

ಬೀದಿಯವರೆಲ್ಲ ‘ಮಿಲಿಟರಿ ಮಾಮ’ ಎನ್ನುತ್ತಿದ್ದ ಆ ಚಾಲಕರಿಗೆ ಗಾಡಿ ಹತ್ತಿ ಸುಮ್ಮನೆ ಹೊರಟುಬಿಡುವುದು ಗೊತ್ತೇ ಇರಲಿಲ್ಲ. ಸೈನ್ಯದ ಲಾರಿ, ಆಮೇಲೆ ಶಾಲೆಯ ಬಸ್ಸು, ಕೊನೆಗೆ ಬೀದಿಯ ರೋಗಿಗಳನ್ನು ಪುಕ್ಕಟೆಯಾಗಿ ಆಸ್ಪತ್ರೆಗೆ ಮುಟ್ಟಿಸುತ್ತಿದ್ದ ಹಳೇ ವ್ಯಾನು, ಯಾವುದೇ ಇರಲಿ, ಸುತ್ತ ಒಂದು ಸುತ್ತು ಹಾಕಿ, ಪ್ರತಿ ಚಕ್ರದ ಬಳಿ ಬಗ್ಗಿ ನೋಡಿ, ಬಾನೆಟ್ಟಿಗೆ ಎರಡೇಟು ಬಡಿದು, “ಕೆಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?” ಎಂದು ಕೂಗಲೇಬೇಕು. ಬೆಕ್ಕು ಹೊರಬಂದರೆ “ಹೋಗಿ ಬಾರಮ್ಮ” ಎಂದು ಮರ್ಯಾದೆಯಿಂದ ಬೀಳ್ಕೊಡುತ್ತಿದ್ದರು. ಒಳಗೆ ಹೆರಿಗೆ ನೋವಿನವಳು ಹಲ್ಲು ಕಚ್ಚಿ ಕೂತಿದ್ದರೂ ಸುತ್ತು ತಪ್ಪಿದ್ದಿಲ್ಲ. ಮಗಳ ಮದುವೆಯ ದಿನವಂತೂ ಅಲಂಕರಿಸಿದ ಕಾರಿನ ಪಕ್ಕ ಮೊಣಕಾಲೂರಿ ಹೊಸ ಪ್ಯಾಂಟಿಗೆಲ್ಲ ಗ್ರೀಸ್ ಮೆತ್ತಿಕೊಂಡರು. “ಮಲಗೋ ಮುಂಚೆ ಮಂಚಕ್ಕೂ ಒಂದು ಸುತ್ತು ಹಾಕ್ತಾರೆ ಕಣ್ರೀ, ಎಲ್ಲಿ ಹೊರಟುಬಿಡುತ್ತೋ ಅಂತ!” ಎಂದು ಹೆಂಡತಿ ಗೇಲಿ ಮಾಡಿದರೆ ಎಲ್ಲರಿಗಿಂತ ಜೋರಾಗಿ ಮಾಮನೇ ನಗುತ್ತಿದ್ದರು. ಆಕೆಗೊಬ್ಬಳಿಗೇ ಕಾರಣ ಗೊತ್ತಿತ್ತು. ಸೈನ್ಯದಲ್ಲಿದ್ದಾಗ ಬಿಸಿಲು ತಾಳದೆ ಲಾರಿಯಡಿಯ ನೆರಳಿನಲ್ಲಿ ಮಲಗಿದ್ದ ಅವರ ಗೆಳೆಯನನ್ನು ಗಮನಿಸದೆ, ಬೇರೊಬ್ಬ ಚಾಲಕ ಗಾಡಿ ಬಿಟ್ಟಿದ್ದ. ಅದನ್ನು ಮಾಮ ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದರು, ಮತ್ತೆಂದೂ ಎತ್ತಲಿಲ್ಲ. ಮಾಮ ತೀರಿಕೊಂಡಾಗ ಅವರನ್ನು ಮಲಗಿಸಿದ್ದ ವ್ಯಾನಿನ ಚಾಲಕ ಕೀಲಿ ತಿರುಗಿಸಲು ಹೊರಟಿದ್ದ. ಅಳುತ್ತ ಕೂತಿದ್ದ ಆಕೆ ಎದ್ದು ಬಂದು, “ಸ್ವಲ್ಪ ತಡಿಯಪ್ಪ” ಎಂದರು. ಕೋಲೂರಿಕೊಂಡು ವ್ಯಾನಿಗೆ ಸುತ್ತು ಹಾಕಿ, ನೋಯುವ ಸೊಂಟದಲ್ಲೇ ಪ್ರತಿ ಚಕ್ರದ ಬಳಿ ಬಗ್ಗಿ ನೋಡಿ, ಬಾನೆಟ್ಟಿಗೆ ಎರಡೇಟು ಬಡಿದರು. ಆಮೇಲೆ ಹಿಂಬಾಗಿಲ ಹತ್ತಿರ ಹೋಗಿ ಗಂಡನಿಗೆ ಹೇಳಿದರು: “ಕೆಳಗೆ ಯಾರೂ ಇಲ್ಲ ರೀ. ಇನ್ನು ಹೊರಡಿ.”