ಅಂಗಡಿಯ ಗುರುಪೆಟ್ಟಿಗೆ

"ನಿಮ್ಮ ಕಿವಿಗೆ ಎಂತದ್ದೂ ಆಗಿಲ್ಲ. ಪ್ರಾಯಕ್ಕೆ ಹೋಲಿಸಿದರೆ ಒಳ್ಳೆಯದೇ ಉಂಟು" ಎಂದು ಪುತ್ತೂರಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಹೇಳಿದಾಗ ನಾನು ನಂಬಲಿಲ್ಲ. ಇನ್ನೊಮ್ಮೆ ಸರಿಯಾಗಿ ನೋಡಿ ಎಂದೆ.

"ಎರಡು ಸಲ ನೋಡಿದೆ ಸರ್."

"ಮೂರನೇ ಸಲ ನೋಡಿದರೆ ಎಂತ ನಷ್ಟ?"

"ಎಂತ ಸರ್, ಕಿವಿ ಕೇಳುದಿಲ್ಲ ಅಂತ ಬರೆದು ಕೊಡ್ಬೇಕಾ ನಿಮಗೆ?" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಗಾಜಿನ ಬಾಗಿಲಿನ ಆ ಸಣ್ಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿ, ಕೈಯಲ್ಲಿ ಗುಂಡಿ ಹಿಡಿದು, 'ಕುಂಯ್' ಎಂಬ ಸದ್ದು ಬಂದೀತೋ ಎಂದು ಉಸಿರು ಬಿಗಿಹಿಡಿದು ಕೂತಿದ್ದ ನನ್ನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತ ಮೇಲೆಯೇ ಅವಳು ಹೇಳಿದ್ದು ನಿಧಾನಕ್ಕೆ ಒಳಗಿಳಿಯಿತು. ಅಬ್ಬಾ! ಬೆಂಚಿನ ಮೇಲಿದ್ದ ಅಪರಿಚಿತರೊಬ್ಬರಿಗೆ "ನನ್ನ ಕಿವಿ ಸರಿ ಉಂಟಂತೆ" ಎಂದು ಹೇಳಿಯೂ ಬಿಟ್ಟೆ. ಅವರು ಪಾಪ, ಹಲ್ಲುನೋವಿಗೆ ಬಂದವರು.

ಕಿವಿಯೊಂದು ಹೋದರೆ ಹೋಯಿತು, ಏನೀಗ ಎನ್ನುವವರಿದ್ದಾರೆ. ನನ್ನ ಸಂಗತಿ ಹಾಗಲ್ಲ. ನನ್ನದು ಸ್ಪೀಕರ್ ರಿಪೇರಿಯ ಅಂಗಡಿ, ಮನೆಯ ಎದುರು ಕೋಣೆಯಲ್ಲೇ, ಪುತ್ತೂರು ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರ. ಸ್ಪೀಕರಿನ ಮುಖದಲ್ಲಿ ಕಾಣುತ್ತದಲ್ಲ, ಬೋಗುಣಿಯ ಆಕಾರದ ಕಪ್ಪು ಕಾಗದ, ಅದಕ್ಕೆ ಕೋನ್ ಎನ್ನುತ್ತಾರೆ. ಅದು ನಡುಗಿದರೇ ಸ್ವರ. ಆ ಕಾಗದ ಹಗುರವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು. ನಮ್ಮ ಕಡೆಯ ಮಳೆಗಾಲಕ್ಕೆ ಅದು ಮುಚ್ಚಳ ಹಾಕದೆ ಬಿಟ್ಟ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಹಾಡುಗಾರ ಹಾಡಿದರೂ ಕಂಬಳಿಯೊಳಗಿಂದ ಹಾಡಿದಂತೆಯೇ. ಹರಿದದ್ದಾದರೆ ಹೊಸ ಕೋನ್ ಕೂರಿಸುತ್ತೇನೆ. ಬರೀ ಮೆತ್ತಗಾದದ್ದಾದರೆ ಒಣಗಿಸಿ, ಮರದ ಪಾಲಿಷಿಗೆ ಬಳಸುವ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ನಡುವಿನಿಂದ ಅಂಚಿನ ಕಡೆಗೆ ತೆಳುವಾಗಿ ಬಳಿಯುತ್ತೇನೆ. ಅಂಚಿಗೆ ಮುಟ್ಟಿಸಬಾರದು, ಅದು ಮೆತ್ತಗಿದ್ದರೇ ಕೋನ್ ಆಡುವುದು. ಒಂದು ಕೈ ಹೆಚ್ಚಾದರೆ ಸ್ವರ ತಗಡು ಬಡಿದಂತೆ, ಒಂದು ಕೈ ಕಡಿಮೆಯಾದರೆ ಮೂಗು ಕಟ್ಟಿದಂತೆ. ಎಷ್ಟು ಸಾಕು ಎಂದು ಹೇಳುವ ಮೀಟರು ನನ್ನಲ್ಲಿಲ್ಲ. ಕಿವಿಯೇ ಮೀಟರು.

ಕಿವಿಗೆ ಜೊತೆಯಾಗಿ ಒಂದು ಪೆಟ್ಟಿಗೆ ಇತ್ತು. ನಾನು ಕೆಲಸ ಕಲಿತ ವರ್ಷ ನನ್ನ ಕೈಯಾರೆ ಮಾಡಿದ ಹಲಸಿನ ಹಲಗೆಯ ಸ್ಪೀಕರ್ ಪೆಟ್ಟಿಗೆ. ಅದರ ಸ್ವರ ಅಷ್ಟು ಚೊಕ್ಕವಾಗಿ ಬಂದಿತ್ತು. ಆವತ್ತಿನಿಂದ ರಿಪೇರಿಗೆ ಬಂದ ಪ್ರತಿ ಸ್ಪೀಕರನ್ನೂ ಅದರ ಪಕ್ಕದಲ್ಲಿಟ್ಟು, ಸ್ವಿಚ್ಚು ಅತ್ತ ಇತ್ತ ಮಾಡಿ, ಎರಡೂ ಒಂದೇ ಆಗುವ ತನಕ ಅರಗು ಬಳಿಯುವುದು ನನ್ನ ಪದ್ಧತಿ. ಪರೀಕ್ಷೆಗೆ ಹಾಕುತ್ತಿದ್ದದ್ದು ಹಾಡಲ್ಲ, ಬಸ್‌ಸ್ಟ್ಯಾಂಡಿನ ಏಜೆಂಟೊಬ್ಬ "ಸುಳ್ಯ, ಸುಬ್ರಹ್ಮಣ್ಯ, ಸೀಟು ಉಂಟು" ಎಂದು ಕೂಗುವುದನ್ನು ರೆಕಾರ್ಡ್ ಮಾಡಿಟ್ಟುಕೊಂಡದ್ದು. ಸ್ಪೀಕರು ಸೋಮಾರಿಯಾದರೆ ಮೊದಲು ಸೋರಿಹೋಗುವುದು ಈ 'ಸ'ಕಾರ. ಹೆಂಡತಿ ಆ ಪೆಟ್ಟಿಗೆಗೆ 'ಗುರುಗಳು' ಎಂದು ಹೆಸರಿಟ್ಟಿದ್ದಳು. ತಮಾಷೆಗೆ ಇಟ್ಟದ್ದು. ನಾನು ಮಾತ್ರ ನಿಜವಾಗಿಯೂ ಹಾಗೆಯೇ ನಡೆದುಕೊಳ್ಳುತ್ತಿದ್ದೆ.

ಒಂದೆರಡು ವರ್ಷದಿಂದ ದೂರು ಶುರುವಾಯಿತು. "ಸ್ವಲ್ಪ ಮಬ್ಬು ಉಂಟಲ್ಲ" ಎಂದರು ಒಬ್ಬರು. "ಮೊದಲಿನಷ್ಟು ಸ್ಪಷ್ಟ ಇಲ್ಲ" ಎಂದರು ಇನ್ನೊಬ್ಬರು. ನನಗೆ ಮೂಗಿನ ತುದಿಯಲ್ಲೇ ಕೋಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಿಮ್ಮ ಆಂಪ್ಲಿಫಯರ್ ನೋಡಿಕೊಳ್ಳಿ ಮೊದಲು ಎಂದು ಬೈದು ಕಳಿಸಿದೆ. ಬೈಸಿಕೊಂಡವರು ಮತ್ತೆ ಬರಲಿಲ್ಲ. ಬರದಿದ್ದರೆ ಬೇಡ ಎಂದುಕೊಂಡೆ.

ಬಂದವರು ಇಚಿಲಂಪಾಡಿ ಕಡೆಯ ಒಂದು ಇಗರ್ಜಿಯ ಹಾಡಿನ ಮಾಸ್ಟ್ರು ಮಾತ್ರ. ಕೇರಳದಿಂದ ಬಂದು ರಬ್ಬರ್ ತೋಟ ಹಾಕಿದ ಮನೆಯವರು, ಶಾಲೆಯಲ್ಲಿ ಮಾಸ್ಟ್ರಾಗಿದ್ದು ನಿವೃತ್ತರಾದವರು, ಮಾತು ಜೇನು. ತಮ್ಮ ಎರಡು ಸ್ಪೀಕರುಗಳನ್ನು ಹಿಡಿದುಕೊಂಡು ಮೂರನೆಯ ಸಲ ಆಟಿ ತಿಂಗಳ ಜಡಿಮಳೆಯಲ್ಲಿ ಬಂದರು.

"ಅಣ್ಣ, ಬೇಜಾರು ಮಾಡ್ಬೇಡಿ. ಫಾದರ್ ಹೇಳುದು ಹಿಂದಿನ ಬೆಂಚಿನವರಿಗೆ ತಿಳಿಯುದೇ ಇಲ್ಲ. ಸ್ವರ ಕೇಳ್ತದೆ, ಮಾತು ಇಲ್ಲ."

ಅವರ ಎದುರೇ ಸ್ಪೀಕರನ್ನು ಗುರುಪೆಟ್ಟಿಗೆಯ ಪಕ್ಕ ಇಟ್ಟೆ. ಸ್ವಿಚ್ಚು ಅತ್ತ, ಸ್ವಿಚ್ಚು ಇತ್ತ. ಕೂದಲೆಳೆಯ ವ್ಯತ್ಯಾಸ ಇಲ್ಲ. "ಈಗ ಹೇಳಿ ಮಾಸ್ಟ್ರೇ, ಎರಡೂ ಒಂದೇ ಅಲ್ಲವಾ?"

"ಒಂದೇ" ಎಂದರು ಮಾಸ್ಟ್ರು. ಮತ್ತೇನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು. ಸ್ಪೀಕರುಗಳನ್ನು ಅಲ್ಲೇ ಬಿಟ್ಟು, "ನಿಧಾನಕ್ಕೆ ನೋಡಿ" ಎಂದು ಹೇಳಿ ಕೊಡೆ ಬಿಡಿಸಿ ಹೋದರು.

ಬೈಯುವವರನ್ನು ತಡೆದುಕೊಳ್ಳಬಹುದು, ಹೀಗೆ ಮೆಲ್ಲಗೆ ಮಾತಾಡುವವರನ್ನು ತಡೆದುಕೊಳ್ಳುವುದು ಕಷ್ಟ. ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದೆ. ಇಷ್ಟು ಸಾಧು ಮನುಷ್ಯ ಸುಳ್ಳು ಹೇಳುವುದಿಲ್ಲ. ಅವರಿಗೆ ಮಬ್ಬಾಗಿ ಕೇಳುವುದು ನನಗೆ ಸರಿಯಾಗಿ ಕೇಳುತ್ತದೆ ಎಂದಾದರೆ ಕೆಟ್ಟಿರುವುದು ಸ್ಪೀಕರಲ್ಲ, ನಾನು. ನನ್ನ ಅಪ್ಪನಿಗೆ ಇದೇ ಪ್ರಾಯದಲ್ಲಿ ಕಿವಿ ಹೋಗಿತ್ತು. ಊರವರು ಅವರ ಎದುರಿನಲ್ಲೇ 'ಕೆಪ್ಪಣ್ಣ' ಎಂದು ಕರೆದರೂ ಅವರು ನಗುತ್ತಾ ತಲೆಯಾಡಿಸುತ್ತಿದ್ದರು. ಅಪ್ಪನದ್ದು ತೋಟದ ಕೆಲಸ, ಅಡಿಕೆ ಮರಕ್ಕೆ ಕಿವಿ ಬೇಡ. ನಾನು ಎಂತ ಮಾಡಲಿ? ಬೇರೆ ಕೆಲಸ ಬಾರದು. ಹಲವು ದಿನ ಅನ್ನ ಸೇರಲಿಲ್ಲ. ಹೆಂಡತಿಗೆ ಹೇಳಲಿಲ್ಲ. ಕೊನೆಗೆ ವಯರು ತರಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಹೋದೆ.

ಅಲ್ಲಿಂದ ಮನೆಗೆ ನಡೆದು ಬಂದದ್ದಲ್ಲ, ಹಾರಿ ಬಂದದ್ದು. ಚಪ್ಪಲಿ ಕಳಚುವ ಮೊದಲೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿ ಸೌಟು ಹಿಡಿದೇ ಹೊಸ್ತಿಲಲ್ಲಿ ಕೂತುಬಿಟ್ಟಳು.

"ಸರಿ ಉಂಟಂತಾ? ಖಂಡಿತವಾ?"

"ಖಂಡಿತ."

"ದೇವರಾಣೆಗೂ?"

"ಹೌದು ಮಾರಾಯ್ತಿ, ಕಾಗದ ನೋಡು ಬೇಕಾದ್ರೆ."

ಅವಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ, "ಹಾಗಾದ್ರೆ ಮದುವೆ ಆದಾಗಿಂದ ನಾನು ಹೇಳಿದ್ದೆಲ್ಲ ನಿಮಗೆ ಕೇಳ್ತಿತ್ತು ಅಂತಾಯ್ತು" ಎಂದಳು. ನಾನು ಮೆಲ್ಲಗೆ ಕೈಕಾಲು ತೊಳೆಯಲು ಹೋದೆ. ಊಟಕ್ಕೆ ಕೂತಾಗ ಅವಳೇ ಕೇಳಿದಳು: "ಅಲ್ಲ, ಕಿವಿ ಸರಿ ಉಂಟು, ಮಾಸ್ಟ್ರು ಸುಳ್ಳು ಹೇಳುವವರಲ್ಲ. ನಿಮ್ಮ ಗುರುಗಳಿಗೆ ಟೆಸ್ಟ್ ಮಾಡಿಸಿದ್ರಾ?"

"ಅದಕ್ಕೆಂತ ಟೆಸ್ಟ್! ಅದರಿಂದಲೇ ಬೇರೆಯವಕ್ಕೆ ಟೆಸ್ಟ್ ಮಾಡುದು" ಎಂದು ರೇಗಿದೆ.

"ಸೇರಿನ ತಳ ತೂತಾದ್ರೆ ಅಳೆದದ್ದೆಲ್ಲ ಕಡಿಮೆಯೇ ಅಲ್ಲವಾ?" ಎಂದು ಅವಳು ಸಾರು ಬಡಿಸಿದಳು.

ರೇಗಿದ್ದೇನೋ ರೇಗಿದೆ, ಆದರೆ ಅನ್ನ ಮುಗಿಸಲಿಕ್ಕೂ ಆಗಲಿಲ್ಲ. ಕೈತೊಳೆದು ನೇರ ಅಂಗಡಿಗೆ ಹೋಗಿ ಪೆಟ್ಟಿಗೆಯ ಮುಂದಿನ ಬಟ್ಟೆ ತೆಗೆದೆ. ಸಾವು ಮಾರಾಯ್ರೆ! ಕೋನಿನ ನಡುವೆ ಇರುವ ಉಬ್ಬು ಮುಚ್ಚಳದ ಮೇಲೆ ದೋಸೆ ಹೊಯ್ದ ಹಾಗೆ ದಪ್ಪಕ್ಕೆ ಗಂಧ. ಗಂಧದ ಮೇಲೆ ಗಂಧ, ಮಧ್ಯೆ ಮಧ್ಯೆ ಕುಂಕುಮದ ಕೆಂಪು. ಸುತ್ತಲಿನ ಕಾಗದದ ಮೇಲೆಲ್ಲ ನೀರಿನ ಕಲೆ. ಉಗುರಿನಿಂದ ತಟ್ಟಿದೆ. 'ಟಕ್' ಎನ್ನಬೇಕಾದದ್ದು 'ದಪ್' ಎಂದಿತು.

ಯಾರ ಕೆಲಸ ಎಂದು ಹುಡುಕಬೇಕಾಗಿರಲಿಲ್ಲ. ಪ್ರತಿ ವರ್ಷದ ಆಯುಧಪೂಜೆಗೆ ಸ್ಕ್ರೂಡ್ರೈವರು, ಬೆಸುಗೆ ಹಾಕುವ ಕಬ್ಬಿಣ, ಮೀಟರು ಎಲ್ಲಕ್ಕೂ ನಾನು ಒಂದೊಂದು ಬೊಟ್ಟು ಗಂಧ ಇಟ್ಟು ಮುಗಿಸುತ್ತಿದ್ದೆ. ಗುರುಗಳಿಗೆ ಮಾತ್ರ ವಿಶೇಷ. ಬಟ್ಟೆ ಕಳಚಿ, ಮುಖಕ್ಕೇ ಧಾರಾಳವಾಗಿ ಗಂಧ ಹಚ್ಚಿ, ಕುಂಕುಮ ಇಟ್ಟು, ತುಳಸಿಯಿಂದ ನೀರು ಪ್ರೋಕ್ಷಣೆ ಮಾಡಿ, ಕೈಮುಗಿದು ಬಟ್ಟೆ ಹಾಕಿಬಿಡುವುದು. ದೇವರ ಗಂಧವನ್ನು ಒರೆಸುವುದುಂಟೇ? ಹಾಗೆ ವರ್ಷದಿಂದ ವರ್ಷಕ್ಕೆ ಭಾರ ಏರಿದೆ, ಕಾಗದ ಮೆತ್ತಗಾಗಿದೆ, ಸ್ವರ ಇಷ್ಟಿಷ್ಟೇ ಇಳಿದಿದೆ. ಇಷ್ಟಿಷ್ಟೇ ಇಳಿದದ್ದರಿಂದ ನನಗೆ ಗೊತ್ತಾಗಲಿಲ್ಲ. ಮೂರು ತಾಲೂಕಿನ ಸ್ಪೀಕರುಗಳನ್ನು ಹಿಡಿದು ಹಿಡಿದು ಗಂಧ ಮೆತ್ತಿದ ಸ್ವರಕ್ಕೆ ಇಳಿಸಿದ ಮಹಾನುಭಾವ ನಾನು. ಊರವರನ್ನು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ನಗುವೇ ಜೋರಾಗಿ ಬಂತು. ಒಬ್ಬನೇ ಕೂತು ಹೊಟ್ಟೆ ಹಿಡಿದು ನಕ್ಕೆ. ಪಕ್ಕದ ಟೈಲರು ಇಣುಕಿ ನೋಡಿ ಹೋದರು.

ಮರುದಿನ ಬಿದಿರಿನ ಸೀಳಿನಿಂದ ಗಂಧವನ್ನು ಒಣಗಿದ್ದ ಹಾಗೆಯೇ ಕೆರೆದು, ಎಲೆಯಲ್ಲಿ ಕಟ್ಟಿ ತೆಂಗಿನ ಬುಡಕ್ಕೆ ಹಾಕಿದೆ. ನೀರು ಮುಟ್ಟಿಸಲಿಲ್ಲ. ಹಳೆಯ ಮುಚ್ಚಳ ಬಿಡಿಸಿ ಹೊಸದನ್ನು ಅಂಟಿಸಿದೆ. ಬಲ್ಬಿನ ಬಿಸಿಗೆ ಎರಡು ದಿನ ಕೋನನ್ನು ಒಣಗಿಸಿದೆ. ಆಮೇಲೆ ತೆಳು ಅರಗು ಒಂದು ಕೈ, ಅದು ಪೂರ್ತಿ ಆರಿದ ಮೇಲೆ ಇನ್ನೊಂದು ಕೈ. ಉಗುರಿನಿಂದ ತಟ್ಟಿದರೆ 'ಟಕ್'. ಏಜೆಂಟನ ರೆಕಾರ್ಡ್ ಹಾಕಿದೆ. "ಸುಳ್ಯ, ಸುಬ್ರಹ್ಮಣ್ಯ" ಎಂದು ಅವನು ಕೂಗಿದ್ದೇ ನಾನು ಬಾಗಿಲ ಕಡೆ ತಿರುಗಿ ನೋಡಿದೆ, ನಿಜವಾಗಿ ಯಾರೋ ಬಂದು ನಿಂತರೆಂದು. ಆ ಚೊಕ್ಕ ಸ್ವರ ನನ್ನ ಪ್ರಾಯದ ಜೊತೆಗೇ ಹೋಯಿತು ಎಂದುಕೊಂಡಿದ್ದೆನಲ್ಲ, ಅದು ಎಲ್ಲಿಗೂ ಹೋಗಿರಲಿಲ್ಲ. ಖುಷಿಯಲ್ಲಿ ಕಣ್ಣು ಒದ್ದೆಯಾಯಿತು.

ಬೈದು ಕಳಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ತಪ್ಪು ನನ್ನದು, ಸ್ಪೀಕರ್ ತನ್ನಿ ಎಂದೆ. ಮಾಸ್ಟ್ರದ್ದನ್ನು ಮಾತ್ರ ನಾನೇ ಒಯ್ದು ಕೊಡಬೇಕೆನಿಸಿತು. ಕೋನ್‌ಗಳಿಗೆ ಮತ್ತೆ ಅರಗು ಬಳಿದು, ಗೋಣಿಯಲ್ಲಿ ಸುತ್ತಿ ಹೊರಟಾಗ ಹೆಂಡತಿಯೂ ಸೀರೆ ಬದಲಿಸಿ ತಯಾರಾಗಿ ನಿಂತಿದ್ದಳು. "ನಿಮ್ಮ ಮಾತು ನಂಬ್ಲಿಕ್ಕಾಗುದಿಲ್ಲ. ನಾನೇ ಕೇಳಿ ನೋಡ್ತೇನೆ" ಎಂದಳು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ನನ್ನ ತೊಡೆಯ ಮೇಲೊಂದು ಅವಳ ತೊಡೆಯ ಮೇಲೊಂದು ಸ್ಪೀಕರ್ ಇಟ್ಟುಕೊಂಡು ಇಬ್ಬರೂ ಹೋದೆವು.

ಮಧ್ಯಾಹ್ನದ ಹೊತ್ತು ಇಗರ್ಜಿ ಖಾಲಿಯಿತ್ತು. ಸ್ಪೀಕರ್ ಕೂರಿಸಿ ಆದ ಮೇಲೆ ಹೆಂಡತಿ ಹೋಗಿ ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಳು. ಮಾಸ್ಟ್ರು ಮೈಕಿನಲ್ಲಿ ಮೆಲ್ಲಗೆ ಏನೋ ಹೇಳಿ, "ಅಕ್ಕ, ನಾನೀಗ ಎಂತ ಹೇಳಿದೆ?" ಎಂದು ಕೇಳಿದರು.

"ಹಿಂದೆ ಕೂತವರು ನಿದ್ದೆ ಮಾಡ್ಬಾರ್ದು ಅಂತ!" ಎಂದು ಅವಳು ಅಲ್ಲಿಂದಲೇ ಕೂಗಿದಳು.

ಮಾಸ್ಟ್ರ ಮುಖ ಅರಳಿತು. ನಾನು ಅವರ ಹತ್ತಿರ ಹೋಗಿ ಗಂಧದ ಕಥೆಯನ್ನು ಒಂದೂ ಬಿಡದೆ ಒಪ್ಪಿಸಿದೆ. ಬೈಯಲಿ ಎಂದುಕೊಂಡೇ ಹೇಳಿದ್ದು. ಅವರು ಸ್ಪೀಕರಿನ ಕಡೆ ಕೈ ತೋರಿಸಿ, "ಅಣ್ಣ, ನಾನೂ ಒಂದು ಹೇಳ್ಬೇಕು. ಈ ಸ್ಪೀಕರ್ ತಂದ ದಿನ ನಮ್ಮ ಹಳೇ ಫಾದರ್ ಆಶೀರ್ವಾದದ ನೀರು ಚಿಮುಕಿಸಿದ್ರು. ಸ್ವಲ್ಪ ಜಾಸ್ತಿಯೇ ಬಿತ್ತು, ನಾನು ಒರೆಸ್ಲಿಲ್ಲ. ಹೇಗೆ ಒರೆಸುದು?" ಎಂದರು. ಇಬ್ಬರೂ ಇಗರ್ಜಿ ಎನ್ನುವುದನ್ನೂ ಮರೆತು ನಕ್ಕೆವು. ಆವತ್ತು ಎರಡೂ ಪೆಟ್ಟಿಗೆ ಒಂದೇ ಎಂದು ಹೇಳಿದ ಮೇಲೆ ಎಂತ ಹೇಳಲು ಹೊರಟಿದ್ದಿರಿ ಎಂದು ಕೇಳಿದೆ. "ಎರಡೂ ಮಬ್ಬು ಅಂತ. ನಿಮ್ಮ ಮುಖ ನೋಡಿ ಹೆದರಿಕೆ ಆಯ್ತು" ಎಂದರು. ಆ ಮುಖವನ್ನು ನಾನು ಎಲ್ಲಾದರೂ ಬಿಟ್ಟು ಬರಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಕೈ ಖಾಲಿ, ಮನಸ್ಸು ಹಗುರ. ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ನನ್ನ ಕಡೆ ತಿರುಗಿ, "ಒಂದು ಹೇಳ್ತೇನೆ, ರೇಗ್ಬೇಡಿ" ಎಂದಳು.

"ಹೇಳು."

"ಈ ವರ್ಷ ಮಳೆ ಹಿಡಿದ ಮೇಲೆ ನಾನು ಒಳಗಿಂದ ನಿಮ್ಮನ್ನು ಕರೆದದ್ದು ನೆನಪುಂಟಾ?"

ಯೋಚಿಸಿದೆ. ಒಂದು ಸಲವೂ ಇಲ್ಲ. ಚಹಾ ಆಗಲಿ, ಊಟ ಆಗಲಿ, ಫೋನ್ ಬಂದಿರಲಿ, ಅವಳು ಕೈ ಒರೆಸಿಕೊಂಡು ಬಂದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು, ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ನನಗದು ಕಿರಿಕಿರಿಯಾಗಿ, ನನ್ನ ಮುಖದಲ್ಲಿ ಎಂತ ಸಿನೆಮಾ ಉಂಟಾ ಎಂದು ಒಮ್ಮೆ ಗದರಿಸಿಯೂ ಇದ್ದೆ.

"ನೀವು ಅಂಗಡಿಯಲ್ಲಿ ವಾಲ್ಯೂಮ್ ಏರಿಸುದು, ಗಿರಾಕಿಗಳ ಹತ್ತಿರ ಜಗಳ ಮಾಡುದು ನೋಡಿ ನನಗೆ ಸಂಶಯ ಬಂತು. ಮಾವನವರು ಕಡೆಕಡೆಗೆ ನಮ್ಮ ತುಟಿ ನೋಡಿಯೇ ಮಾತು ತಿಳ್ಕೊಳ್ತಿದ್ರಲ್ಲ. ನಿಮಗೂ ಸ್ವಲ್ಪ ಕೇಳುವಾಗಲೇ ಅಭ್ಯಾಸ ಆದ್ರೆ ಆಮೇಲೆ ಕಷ್ಟ ಇಲ್ಲ ಅಂತ..." ಎಂದವಳು ಮುಂದೆ ಹೇಳಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಹೆದರಿದ್ದು ಕೆಲವು ವಾರ. ಅವಳು ಇಡೀ ಮಳೆಗಾಲ ಹೆದರಿದ್ದಾಳೆ, ಒಬ್ಬಳೇ. ಬಸ್ಸಿನಲ್ಲಿ ಎಲ್ಲರೆದುರು ಅವಳ ಕೈ ಹಿಡಿದೆ, ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ.

"ನಾಳೆಯಿಂದ ಒಳಗಿಂದಲೇ ಕರಿ ಮಾರಾಯ್ತಿ" ಎಂದೆ.

"ಬರ್ತೀರಾ?"

"ಒಂದೇ ಕರೆಗೆ ಬರ್ತೇನೆ."